ಹಳದಿ ಮೂಲೆಯ ಸ್ಪೀಕರುಗಳು

ಮೂವತ್ತಾರು ವರ್ಷ ವಿಶ್ವವಿದ್ಯಾಲಯದಲ್ಲಿ ಧ್ವನಿವಿಜ್ಞಾನ ಕಲಿಸಿದವಳಿಗೆ ತನ್ನದೇ ಹಜಾರದ ಟಿವಿಯನ್ನು ಅರ್ಥವಾಗುವಂತೆ ಮಾತಾಡಿಸುವುದು ಒಂದು ಕೆಲಸವೇ? ಇಡೀ ಕೇಪ್ ಕೋಸ್ಟ್ ಪಟ್ಟಣದ ಯಾವ ಮನೆಯಲ್ಲೂ ಇಲ್ಲದಂಥ ಧ್ವನಿವ್ಯವಸ್ಥೆಯನ್ನು, ಅದೂ ನನ್ನ ಪಿಂಚಣಿಯ ಮಿತಿಯೊಳಗೆ, ಒಂದೇ ವಾರದಲ್ಲಿ ಸ್ಥಾಪಿಸುತ್ತೇನೆ ಎಂದು ಒಂದು ಭಾನುವಾರ ಊಟದ ಮೇಜಿನ ಮುಂದೆ ಘೋಷಿಸಿದೆ. ಘೋಷಣೆ ಕೇಳಲು ಇದ್ದವನು ನನ್ನ ಗಂಡ ಕೊಬಿನಾ ಒಬ್ಬನೇ. ಅವನು ಮೀನಿನ ಮುಳ್ಳು ಬಿಡಿಸುತ್ತಿದ್ದ.

“ಹೂಂ” ಎಂದ.

ಈ ‘ಹೂಂ’ ಎನ್ನುವವನಿಗಾಗಿಯೇ ಇಷ್ಟೆಲ್ಲ. ಎರಡು ವರ್ಷದಿಂದ ಶನಿವಾರ ಮಧ್ಯಾಹ್ನವಾದರೆ ಕೊಬಿನಾ ಟೋಪಿ ಹಾಕಿಕೊಂಡು ರಸ್ತೆ ತಿರುವಿನ ಬಿಯರ್ ಅಂಗಡಿಗೆ ಹೋಗಿ ಫುಟ್‌ಬಾಲ್ ನೋಡುತ್ತಿದ್ದ. ಅವನು ಬಿಯರ್ ಕುಡಿಯುವವನಲ್ಲ. ಒಂದು ಲೋಟ ಶುಂಠಿ ಪಾನಕ ಹಿಡಿದುಕೊಂಡು ನಾಲ್ಕು ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಿದ್ದ. ಮನೆಯಲ್ಲಿ ಸೋಫಾ ಇದೆ, ಫ್ಯಾನ್ ಇದೆ, ನಾನಿದ್ದೇನೆ. ಯಾಕೆ ಹೋಗುತ್ತೀ ಎಂದು ಕೇಳಿದರೆ ಒಂದೇ ಉತ್ತರ:

“ಮನೇಲಿ ಕಾಮೆಂಟರಿ ಕೇಳ್ಸಲ್ಲ, ಎಕುವಾ.”

ಶನಿವಾರದ ಮಧ್ಯಾಹ್ನಗಳಲ್ಲಿ ಒಬ್ಬಳೇ ಕೂರುವುದು ನನಗೆ ಒಗ್ಗಲಿಲ್ಲ. ಇದನ್ನು ಅವನಿಗೆ ಹೇಳಲಿಲ್ಲ. ಇಂಥದ್ದನ್ನು ಹೇಳಿಕೊಳ್ಳುವುದಕ್ಕಿಂತ ಸಲಕರಣೆ ತಂದು ಸರಿಪಡಿಸುವುದು ನನ್ನ ಪದ್ಧತಿ. ಸೋಮವಾರವೇ ಅವನನ್ನು ಆಸ್ಪತ್ರೆಗೆ ಕರೆದೊಯ್ದು ಕಿವಿ ಪರೀಕ್ಷೆಗೆ ಕೂರಿಸಿದೆ. ಅರ್ಧ ಬೀದಿ ನಮ್ಮನ್ನು ಅಲ್ಲಿ ನೋಡಿತು. ವರದಿಯನ್ನು ಅವನು ಜೇಬಿಗೆ ಹಾಕಿಕೊಂಡು “ವಯಸ್ಸಾಯ್ತಲ್ಲ” ಎಂದಷ್ಟೇ ಹೇಳಿದ. ಕಿವಿಯ ದೋಷ ಅರ್ಧ, ಟಿವಿಯ ದೋಷ ಅರ್ಧ ಎಂದು ನಾನು ತೀರ್ಮಾನಿಸಿದೆ. ಈಗಿನ ಟಿವಿಗಳು ಚಪಾತಿಯಷ್ಟು ತೆಳ್ಳಗಿರುತ್ತವೆ, ಅವುಗಳ ಸ್ಪೀಕರು ಗೋಡೆಗೆ ಮುಖಮಾಡಿಕೊಂಡು ಗೋಡೆಯ ಜೊತೆಗೇ ಮಾತಾಡುತ್ತದೆ.

ಸಂತೆಯ ಹಿಂದಿನ ಬೀದಿಯಲ್ಲಿ ಫೀಫಿ ಎಂಬವನು ಹಡಗಿನಲ್ಲಿ ಬಂದ ಹಳೆಯ ಸಾಮಾನು ಮಾರುತ್ತಾನೆ. ನನ್ನನ್ನು ಕಂಡದ್ದೇ ನೀಲಿ ದೀಪ ಮಿನುಗುವ ಒಂದು ಪೆಟ್ಟಿಗೆಯನ್ನು ಒರೆಸಿ ಮುಂದಿಟ್ಟ.

“ಇದ್ರೊಳಗೇ ಎಲ್ಲಾ ಇದೆ ಅಮ್ಮ. ಆಂಪ್ಲಿಫೈಯರು, ಸ್ಪೀಕರು, ರೇಡಿಯೋ. ಹಾಡಿಗೆ ತಕ್ಕ ಹಾಗೆ ದೀಪ ಕುಣಿಯುತ್ತೆ.”

“ದೀಪದ ಕುಣಿತ ನೋಡೋಕೆ ನಾನು ಬಂದಿಲ್ಲ. ಒಂದು ಭಾಗ ಕೆಟ್ರೆ ಏನ್ಮಾಡೋದು?”

“ಇನ್ನೊಂದು ಪೆಟ್ಟಿಗೆ ತಗೊಳ್ಳೋದು.”

“ಅದಕ್ಕೇ ನಂಗೆ ಬಿಡಿಬಿಡಿಯಾಗಿ ಬೇಕು. ಆಂಪ್ಲಿಫೈಯರು ಬೇರೆ, ಎಡಬಲದ ಸ್ಪೀಕರು ಬೇರೆ, ಮಾತಿಗೆ ಅಂತ ನಡುವಿನದು ಬೇರೆ. ಒಂದು ಹೋದ್ರೆ ಅದನ್ನಷ್ಟೇ ಬದಲಾಯಿಸಬಹುದು.”

“ಗಂಡ-ಹೆಂಡ್ತಿ ವಿಷಯದಲ್ಲೂ ಹೀಗೆ ಇದ್ದಿದ್ರೆ ಚೆನ್ನಾಗಿತ್ತು ಅಮ್ಮ.”

“ಬಾಯಿ ಮುಚ್ಚಿ ಅಟ್ಟದ ಮೇಲಿರೋದನ್ನ ಇಳಿಸು.”

ಆಂಪ್ಲಿಫೈಯರುಗಳನ್ನು ನಾನು ಎತ್ತಿ ನೋಡಿದೆ. ಹಗುರವಾಗಿದ್ದರೆ ಒಳಗೆ ದುಡ್ಡು ಉಳಿಸಿದ್ದಾರೆ ಎಂದರ್ಥ. ಒಂದು ಚೆನ್ನಾಗಿ ತೂಗುತ್ತಿತ್ತು, ಆದರೆ ಫೀಫಿ ಅದರ ಬೆನ್ನಿನ ಒಂದು ಜಾಗವನ್ನು ಹೆಬ್ಬೆರಳಿನಿಂದ ಅಮುಕಿ ಹಿಡಿದಿದ್ದ.

“ಹೆಬ್ಬೆರಳು ತೆಗಿ.”

ತೆಗೆದ. ಅಮೆರಿಕದ ನೂರಿಪ್ಪತ್ತು ವೋಲ್ಟಿನದು. ನಮ್ಮ ಪ್ಲಗ್ಗಿಗೆ ಹಾಕಿದ್ದರೆ ಹೊಗೆ ಬರುತ್ತಿತ್ತು. ನಾಲ್ಕನೆಯದು ಸರಿಹೋಯಿತು. ನಡುವಿನ ಸ್ಪೀಕರಿಗೆ ಟಾರ್ಚಿನ ಸೆಲ್ ಮುಟ್ಟಿಸಿ, ‘ಟಕ್’ ಎಂದು ಉಸಿರಾಡುವುದನ್ನು ಕೇಳಿಸಿಕೊಂಡು ಆರಿಸಿದೆ. ಎಡಬಲದ ಜೋಡಿಗೆ ಮಾತ್ರ ಬೆಲೆ ಏರುತ್ತಲೇ ಹೋಯಿತು. ಕೊನೆಗೆ ಫೀಫಿ ಮೂಲೆಯಿಂದ ಎರಡು ಪೆಟ್ಟಿಗೆ ಎಳೆದ. ಸೊಂಟದೆತ್ತರದ ಕಪ್ಪು ಮರದವು, ನಾಲ್ಕೂ ಮೂಲೆಗೆ ಹಳದಿ ಬಣ್ಣ. ಬೆರಳ ಗೆಣ್ಣಿನಿಂದ ತಟ್ಟಿದೆ. ಗಟ್ಟಿ ಮರ. ಬೆಲೆ, ನಂಬಲಾಗದಷ್ಟು ಕಡಿಮೆ.

“ಇಷ್ಟು ಅಗ್ಗ ಯಾಕೆ?”

“ಇದರ ಯಜಮಾನ ಹೊಸ ಜೋಡಿ ತಗೊಂಡ ಅಮ್ಮ. ಇವಕ್ಕೆ ಅನುಭವ ಜಾಸ್ತಿ. ಹತ್ತು ವರ್ಷದಲ್ಲಿ ಒಂದು ಶನಿವಾರಾನೂ ರಜೆ ತಗೊಂಡಿಲ್ಲ.”

ಶನಿವಾರ ಏನು ಕೆಲಸ ಎಂದು ನಾನು ಕೇಳಬೇಕಿತ್ತು. ವೋಲ್ಟ್ ಕೇಳಿದೆ, ವ್ಯಾಟ್ ಕೇಳಿದೆ, ಅದನ್ನು ಕೇಳಲಿಲ್ಲ.

ಗುರುವಾರ ಕೊಬಿನಾ ತನ್ನ ಅಣ್ಣನನ್ನು ನೋಡಲು ಸೆಕೊಂಡಿ ಎಂಬ ಪಕ್ಕದ ಊರಿಗೆ ಹೋದ. ಶನಿವಾರ ಮಧ್ಯಾಹ್ನ ಆಟದ ಹೊತ್ತಿಗೆ ಬರುತ್ತೇನೆಂದು ಹೇಳಿದ್ದ. ಅಂದರೆ ಬಸ್ಸಿಳಿದು ನೇರ ಬಿಯರ್ ಅಂಗಡಿಗೆ. ಅಷ್ಟರೊಳಗೆ ನನ್ನ ವ್ಯವಸ್ಥೆ ಮಾತಾಡುತ್ತಿರಬೇಕು. ಶುಕ್ರವಾರ ಸಂಜೆ ಮೂವರು ಆಳುಗಳು ಪೆಟ್ಟಿಗೆಗಳನ್ನು ಹೊತ್ತು ತಂದು ಅಂಗಳದಲ್ಲಿ ಇಳಿಸಿದರು.

ಅಂಗಳದಲ್ಲೇ ಇರಲಿ ಎಂದವಳು ನಾನೇ. ಬೇರೆ ಬೇರೆ ಕಡೆಯಿಂದ ಕೂಡಿಸಿದ ಸ್ಪೀಕರುಗಳನ್ನು ಒಂದಕ್ಕೊಂದು ಹೊಂದಿಸಬೇಕಾದರೆ ಗೋಡೆಯ ಪ್ರತಿಧ್ವನಿ ಇಲ್ಲದ ಬಯಲಿನಲ್ಲಿ ಪರೀಕ್ಷಿಸಬೇಕು. ಇದು ಎರಡನೇ ವರ್ಷದ ಪಾಠ. ಶನಿವಾರ ಬೆಳಿಗ್ಗೆ ಹಳದಿ ಮೂಲೆಯ ಜೋಡಿಯನ್ನು ಬೀದಿಗೆ ಮುಖಮಾಡಿ ನಿಲ್ಲಿಸಿದೆ. ಬೇರೆ ಬೇರೆ ದೂರದಲ್ಲಿ ಕೇಳಿ ನೋಡಲು ಮನೆಯಲ್ಲಿದ್ದ ಕುರ್ಚಿಗಳನ್ನೆಲ್ಲ ತಂದು ಸಾಲುಸಾಲಾಗಿ ಹಾಕಿದೆ. ಆಂಪ್ಲಿಫೈಯರಿಗೆ ಬಿಸಿಲು ತಾಗಬಾರದೆಂದು ಮೇಲೊಂದು ಟಾರ್ಪಾಲು ಕಟ್ಟಿದೆ. ಧೂಳಿನ ಕೆಲಸವಾದ್ದರಿಂದ ಹಳೆಯ ಕಪ್ಪು ಉಡುಪು ತೊಟ್ಟಿದ್ದೆ.

ಮಾತಿನ ಸ್ಪಷ್ಟತೆ ಅಳೆಯಲು ಪರಿಚಿತವಾದ ಮನುಷ್ಯ ಧ್ವನಿ ಬೇಕು. ನನಗೆ ಅತ್ಯಂತ ಪರಿಚಿತವಾದದ್ದು ಗಂಡನದು. ಹನ್ನೆರಡು ವರ್ಷದ ಹಿಂದೆ ಅವನು ಚರ್ಚಿನಲ್ಲಿ ಧರ್ಮಗ್ರಂಥ ಓದಿದ್ದು ಒಂದು ಕ್ಯಾಸೆಟ್ಟಿನಲ್ಲಿತ್ತು, ಹಿಂದೆಯೇ ಗಾಯಕವೃಂದದ ಸ್ತೋತ್ರ. ಅದನ್ನು ಹಾಕಿ, ಧ್ವನಿ ಏರಿಸಿ, ನಾಲ್ಕನೇ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತೆ. ಅದ್ಭುತವಾಗಿತ್ತು. ಅವನು ಪದಗಳ ಮಧ್ಯೆ ಉಸಿರೆಳೆಯುವುದು ಕೂಡ ಕೇಳುತ್ತಿತ್ತು.

ಕಣ್ಣು ಬಿಟ್ಟಾಗ ಎದುರುಮನೆಯ ಅಬಾ ನಿಂತಿದ್ದಳು. ಅವಳು ಮೆಕ್ಕೆಜೋಳದ ಹಿಟ್ಟಿನ ಕೆಂಕಿ ಉಂಡೆ ಬೇಯಿಸಿ ಮಾರುವವಳು, ಹಿಟ್ಟಿನ ಕೈಯಲ್ಲೇ ನನ್ನ ಕೈ ಹಿಡಿದಳು.

“ಯಾವಾಗ, ಪ್ರೊಫೆಸರಮ್ಮ?”

“ನಿನ್ನೆ ಸಂಜೆ. ಮೂರು ಜನ ಹೊತ್ತು ತಂದ್ರು” ಎಂದೆ, ಅವಳು ಸ್ಪೀಕರಿನ ಬಗ್ಗೆ ಕೇಳುತ್ತಿದ್ದಾಳೆಂದು ತಿಳಿದು.

ಅಬಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಓಡಿದಳು. ಒಳ್ಳೆಯ ಧ್ವನಿ ಕೆಲವರನ್ನು ಹಾಗೆ ಕಲಕುತ್ತದೆ ಎಂದುಕೊಂಡೆ.

ಒಂದು ಗಂಟೆಯಲ್ಲಿ ನನ್ನ ಕುರ್ಚಿಗಳೆಲ್ಲ ತುಂಬಿದವು. ಬಂದವರೆಲ್ಲ ಕಪ್ಪು ಕೆಂಪು ಬಟ್ಟೆಯಲ್ಲಿದ್ದರು. ಬಲಗಡೆಯಿಂದ ಒಬ್ಬೊಬ್ಬರಾಗಿ ಎಲ್ಲರ ಕೈ ಕುಲುಕುತ್ತ ಬಂದು ಕೂತರು. ಕುರ್ಚಿ ಸಾಲದೆಂದು ಯಾರೋ ಚರ್ಚಿನಿಂದ ಇನ್ನೂ ನಲವತ್ತು ತರಿಸಿದರು. ನಿವೃತ್ತ ಹೆಡ್ಮಾಸ್ಟರ್ ಎಸುವಾನ್, ಎಂಬತ್ತೈದು ವರ್ಷದವರು, ಕೋಲೂರಿಕೊಂಡು ಬಂದು ಹಳದಿ ಮೂಲೆಯ ಒಂದು ಪೆಟ್ಟಿಗೆಯನ್ನು ಸವರಿದರು.

“ನನ್ನ ಹೆಂಡ್ತಿಗೂ ಇವೇ ಇದ್ವು. ನನ್ನ ತಮ್ಮನಿಗೂ ಇವೇ. ಈ ಬೀದೀಲಿ ಇವಿಲ್ದೆ ಯಾರನ್ನ ಕಳಿಸಿದೀವಿ, ಮಗಳೇ?”

ಆಗ ನನಗೆ ಎಲ್ಲವೂ ತಿಳಿಯಿತು. ಇವು ಶನಿವಾರ ಶನಿವಾರ ಸಾವಿನ ಮನೆಗಳಿಗೆ ಬಾಡಿಗೆ ಹೋಗುತ್ತಿದ್ದ ಸ್ಪೀಕರುಗಳು. ಕಪ್ಪು ಕೆಂಪು ನಮ್ಮಲ್ಲಿ ಶೋಕದ ಬಣ್ಣ, ನನ್ನ ಮೈಮೇಲೂ ಕಪ್ಪೇ ಇತ್ತು. ಊರಿನ ಪ್ರತಿ ಮಗುವೂ ಇವನ್ನು ಬಲ್ಲದು. ನಾನು ಮಾತ್ರ ಅಂಥ ಕಡೆ ಕಿವಿಗೆ ಹತ್ತಿ ಇಟ್ಟುಕೊಂಡು ಹೋಗಿ, ಆದಷ್ಟು ದೂರ ಕೂತು, ಬೇಗ ಎದ್ದುಬರುವವಳು.

ಎದ್ದು ನಿಂತು ಸ್ಪಷ್ಟವಾಗಿ ಹೇಳಿದೆ: “ಕೊಬಿನಾಗೆ ಏನೂ ಆಗಿಲ್ಲ. ಸೆಕೊಂಡಿಗೆ ಹೋಗಿದಾನೆ. ಮಧ್ಯಾಹ್ನ ಬರ್ತಾನೆ.”

ಜನ ಗೊಳೋ ಎಂದು ಅತ್ತರು.

ನಮ್ಮಲ್ಲಿ ಸಾವನ್ನು ಮನೆಯವರು ಬಾಯಿಬಿಟ್ಟು ಹೇಳುವಂತಿಲ್ಲ. ಕುಲದ ಹಿರಿಯರು ಕೂತು ತಿಳಿಸುವ ತನಕ ‘ಯಜಮಾನರು ಪ್ರಯಾಣ ಹೋಗಿದ್ದಾರೆ, ಬರುತ್ತಾರೆ’ ಎನ್ನುವುದೇ ಮರ್ಯಾದೆ. ಈ ಸಂಪ್ರದಾಯವನ್ನು ಅಂಧಾಚರಣೆಯೆಂದು ನಾನು ನಾಲ್ಕು ಸಭೆಗಳಲ್ಲಿ ಖಂಡಿಸಿದ್ದೆ.

“ನೋಡಿ, ಎಷ್ಟು ಓದಿದ್ರೂ ಹೊತ್ತು ಬಂದಾಗ ಪದ್ಧತಿ ಬಿಡ್ಲಿಲ್ಲ” ಎಂದು ಎಸುವಾನ್ ಕಣ್ಣೊರೆಸಿಕೊಂಡರು.

“ಪದ್ಧತಿ ಅಲ್ಲ, ನಿಜ. ಈಗ್ಲೇ ಅವನಿಗೆ ಫೋನ್ ಮಾಡ್ತೀನಿ, ನೀವೇ ಮಾತಾಡಿ.”

ಎಲ್ಲರೆದುರು ಫೋನ್ ಮಾಡಿದೆ. ನಮ್ಮ ಹಜಾರದ ಒಳಗಿನಿಂದ ಕೊಬಿನಾನ ಫೋನ್ ಬಡಿದುಕೊಂಡಿತು. ಚಾರ್ಜಿಗೆ ಹಾಕಿ ಮರೆತುಹೋಗಿದ್ದಾನೆ. ಅದು ಬಡಿದುಕೊಳ್ಳುತ್ತಿದ್ದಷ್ಟು ಹೊತ್ತು ಎಲ್ಲರೂ ಹಜಾರದ ಬಾಗಿಲನ್ನೇ ನೋಡಿದರು. ನಿಂತ ಮೇಲೆ ಅಬಾ ನೆಲದ ಮೇಲೆ ಕುಸಿದಳು.

ಆಂಪ್ಲಿಫೈಯರಿಗೆ ಮೈಕ್ ಸಿಕ್ಕಿಸುವ ಸೌಕರ್ಯವಿತ್ತು. ಸಿಕ್ಕಿಸಿದೆ. ಸ್ಪೀಕರುಗಳನ್ನು ಯಾಕೆ ಬಯಲಲ್ಲಿ ಇಡಬೇಕು, ದೂರ ಹೆಚ್ಚಿದಂತೆ ಧ್ವನಿ ಹೇಗೆ ಕುಗ್ಗುತ್ತದೆ, ಕುರ್ಚಿಗಳು ಯಾಕೆ ಸಾಲಾಗಿವೆ ಎಂದು ಮೊದಲಿನಿಂದ ವಿವರಿಸಿದೆ. “ದುಃಖ ತಲೆಗೆ ಏರಿದೆ, ಯಾರಾದ್ರೂ ನೀರು ಕೊಡಿ” ಎಂದಿತು ಒಂದು ದನಿ. ಆಗ ನನಗೆ ಸಿಟ್ಟು ಬಂತು. ಕೇಳಿಸಿಕೊಳ್ಳದ ವಿದ್ಯಾರ್ಥಿಗಳಿಗೆ ಬಯ್ಯುತ್ತಿದ್ದ ಧಾಟಿಯಲ್ಲಿ ಅರವತ್ತು ಜನರಿಗೆ ಬಯ್ಯತೊಡಗಿದೆ.

ಹಾಗೆ ಬಯ್ಯುತ್ತಿರುವಾಗ ಬೀದಿಯಲ್ಲಿ ಟ್ಯಾಕ್ಸಿ ನಿಂತು ಕೊಬಿನಾ ಇಳಿದದ್ದು ಕಂಡಿತು. ಬಿಯರ್ ಅಂಗಡಿಗೆ ಹೋಗದೆ ಗೇಟಿಗೆ ಓಡಿಬಂದ. ಅವನು ಓಡಿದ್ದನ್ನು ನಾನು ಇಪ್ಪತ್ತು ವರ್ಷದಿಂದ ನೋಡಿರಲಿಲ್ಲ. ಟೋಪಿ ಬಿದ್ದುಹೋಗಿತ್ತು, ಕೈಯ ಬ್ರೆಡ್ಡಿನ ಪೊಟ್ಟಣ ಹಿಸುಕಿಹೋಗಿತ್ತು. ಕೊನೆಯ ಸಾಲಿನವರು ತಿರುಗಿ ನೋಡಿ ಚೀರಿದರು. ಅವನು ಯಾರನ್ನೂ ನೋಡದೆ ಖಾಲಿ ಕುರ್ಚಿಯೊಂದರಲ್ಲಿ ಧೊಪ್ಪನೆ ಕೂತು ನನ್ನನ್ನೇ ದಿಟ್ಟಿಸಿದ.

ಜನ ಅವನನ್ನು ಮುಟ್ಟಿ, ಚಿವುಟಿ ನೋಡಿ, ನಕ್ಕು, ಮತ್ತೆ ಸ್ವಲ್ಪ ಅತ್ತ ಮೇಲೆ ನಾನು ಹತ್ತಿರ ಹೋದೆ.

“ಯಾಕೆ ಓಡಿ ಬಂದೆ?”

“ಅಂಗಳದಲ್ಲಿ ಆ ಸ್ಪೀಕರು ಕಂಡ್ವು. ನೀನು ಹೋದೆ ಅಂದ್ಕೊಂಡೆ.” ಸ್ವಲ್ಪ ಹೊತ್ತು ಬ್ರೆಡ್ಡನ್ನು ನೇರಮಾಡಿದ. “ಆಮೇಲೆ ಮೈಕಲ್ಲಿ ಬಯ್ತಿರೋದು ನೀನೇ ಅಂತ ಗೊತ್ತಾಯ್ತು. ಜೀವ ಬಂತು.”

ನಾನು ಮೈಕಿನ ತಂತಿ ಸುತ್ತತೊಡಗಿದೆ. ಎಸುವಾನ್ ಕಾಪಾಡಿದರು. ಅರವತ್ತು ಜನ ಬಟ್ಟೆ ಬದಲಾಯಿಸಿ ಬಂದಿದ್ದಾರೆ, ಹಾಗೇ ವಾಪಸು ಕಳಿಸುವುದು ಅವಮಾನ ಎಂದರು. ನಾಲ್ಕು ಜನ ಸೇರಿ ಟಿವಿಯನ್ನು ಜಗಲಿಗೆ ತಂದರು. ನಾನು ನನ್ನ ಆಂಪ್ಲಿಫೈಯರಿಗೆ ಜೋಡಿಸಿ ಅದರ ಪಕ್ಕದಲ್ಲೇ ನಿಂತೆ, ಗುಂಡಿಗಳನ್ನು ಬೇರೆಯವರು ಮುಟ್ಟಬಾರದೆಂದು. ಅಬಾ ಕೆಂಕಿ ಹಂಚಿದಳು. ಕೊಬಿನಾ ಹಿಂದಿನ ಸಾಲಿನಲ್ಲಿ, ತನ್ನದೇ ಶೋಕಸಭೆಯಲ್ಲಿ ಕೂತು ಇಡೀ ಆಟ ನೋಡಿದ.

ಆಟ ಮುಗಿದು ಜನ ಕರಗಿದ ಮೇಲೆ ನಾನು ಗೆದ್ದವಳಂತೆ ಕೇಳಿದೆ: “ಕಾಮೆಂಟರಿ ಕೇಳಿಸ್ತಾ?”

“ಒಂದೊಂದು ಅಕ್ಷರಾನೂ.”

“ಹಾಗಾದ್ರೆ ಮುಂದಿನ ಶನಿವಾರದಿಂದ ಮನೇಲೇ. ನಡುವಿನ ಸ್ಪೀಕರನ್ನ ಸೋಫಾ ಕಡೆ ಸ್ವಲ್ಪ ಬಗ್ಗಿಸ್ತೀನಿ. ನಿನ್ನ ಕಿವಿಯ ದೋಷಕ್ಕೆ ತಕ್ಕಂತೆ ಮೇಲಿನ ಸ್ವರ...”

ಕೊಬಿನಾ ಜೇಬಿನಿಂದ ಆಸ್ಪತ್ರೆಯ ವರದಿ ತೆಗೆದು ಕೊಟ್ಟ. ಎರಡೂ ಕಿವಿ, ಮೂವತ್ತರ ಹರೆಯದವನ ಕಿವಿಯಂತೆ ಚೆನ್ನಾಗಿವೆ ಎಂದಿತ್ತು.

“ಮತ್ತೆ ಮನೇಲಿ ಕೇಳ್ಸಲ್ಲ ಅಂದಿದ್ದು?”

“ಸುಳ್ಳು ಹೇಳ್ಲಿಲ್ಲ. ಟಿವಿಯವನು ಕಾಮೆಂಟರಿ ಶುರು ಮಾಡ್ತಾನೆ, ನೀನು ಅವನು ಹೇಳಿದ್ದು ಯಾಕೆ ತಪ್ಪು ಅಂತ ಶುರು ಮಾಡ್ತೀಯ. ಇವತ್ತು ನೀನು ಆ ಮೂಲೇಲಿ ಗುಂಡಿ ಕಾಯ್ತಿದ್ದೆ, ನಾನು ಈ ಮೂಲೇಲಿದ್ದೆ.”

ಧ್ವನಿವಿಜ್ಞಾನದಲ್ಲಿ ಮೊದಲು ಕಲಿಸುವುದು, ಗದ್ದಲದ ಮೂಲ ಯಾವುದೆಂದು ಗುರುತಿಸುವುದನ್ನು. ಮೂವತ್ತಾರು ವರ್ಷ ಕಲಿಸಿದ್ದೇನೆ.

“ಬಿಯರ್ ಅಂಗಡಿಗೇ ಹೋಗ್ತೀಯಾ ಹಾಗಾದ್ರೆ?” ಎಂದೆ. ದನಿ ಅಂದುಕೊಂಡದ್ದಕ್ಕಿಂತ ಸಣ್ಣದಾಗಿ ಬಂತು.

“ಇವತ್ತು ಗೇಟಿನ ಹತ್ರ ಬಂದಾಗ ಮನೇಲಿ ನಿನ್ನ ಸದ್ದೇ ಇಲ್ದಿದ್ರೆ ಹೇಗಿರುತ್ತೆ ಅಂತ ಒಂದು ನಿಮಿಷ ಅನ್ಸಿತು” ಎಂದ. “ಮನೇಲೇ ಕೂರ್ತೀನಿ.”

ಮುಂದಿನ ಶನಿವಾರ ಕೊಬಿನಾ ಸೋಫಾದಲ್ಲಿ ಕೂತ. ಪಕ್ಕದಲ್ಲಿ ನಾನು ತುಟಿ ಬಿಗಿದು ಕೂತೆ. ಕಾಮೆಂಟರಿಯವನು ನಾಲ್ಕು ತಪ್ಪು ಮಾಡಿದ, ನಾಲ್ಕನ್ನೂ ನುಂಗಿಕೊಂಡೆ. ನಲವತ್ತು ನಿಮಿಷ ಕಳೆದ ಮೇಲೆ ಕೊಬಿನಾ ರಿಮೋಟ್ ತೆಗೆದುಕೊಂಡು ಎಲ್ಲ ಸ್ಪೀಕರುಗಳ ದನಿಯನ್ನೂ ಪೂರ್ತಿ ಇಳಿಸಿದ.

“ಆ ಗೋಲು ಯಾಕೆ ಕೊಡ್ಲಿಲ್ಲ, ಎಕುವಾ? ಹೇಳು” ಎಂದು ನನ್ನ ಕಡೆ ತಿರುಗಿ ಕಾದ.

ನನಗೆ ಗೊತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡಿರುವ ಕೆಲಸದಲ್ಲಿ ಆಟ ನೋಡಲು ಪುರಸತ್ತೇ ಆಗಿರಲಿಲ್ಲ.