ಚೆನ್ನಯನ ಎಡಗಾಲಿಗೆ ಪ್ಲಾಸ್ಟರು

ನಮ್ಮ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ದುಃಖಪಡಲು ಅವಕಾಶವಿರಲಿಲ್ಲ ಎಂಬುದನ್ನು ಮೊದಲಿಗೇ ತಿಳಿಸತಕ್ಕದ್ದು. ೧೯೫೪ರ ಮಳೆಗಾಲದಲ್ಲಿ, ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ದೋಸೆ ಹೊಯ್ಯುತ್ತಿದ್ದ ಚೆನ್ನಯ ಜಾರಿ ಬಿದ್ದು ಬಲಗಾಲು ಮುರಿದುಕೊಂಡು ಬಂದ. ಮೂಳೆ ಚೆನ್ನಾಗಿಯೇ ಕೂಡಿತು, ಪ್ಲಾಸ್ಟರು ಬಿಚ್ಚಿದರು. ಚೆನ್ನಯ ಮಾತ್ರ ಊಟ, ನಿದ್ದೆ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ.

"ಡಾಕ್ಟ್ರೇ, ಇವರು ಒಂದು ತುತ್ತೂ ತಿನ್ನುವುದಿಲ್ಲ," ಎಂದಳು ಹೆಂಡತಿ ಶೀಲಾವತಿ.

ವಿಭಾಗದ ಮುಖ್ಯಸ್ಥರಾದ ಡಾಕ್ಟರ್ ಸತ್ಯಮೂರ್ತಿ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ಕೂಲಂಕಷವಾಗಿ ನೋಡಿದರು. "ಕಾಲು ಊಟ ಮಾಡುವ ಅಂಗವಲ್ಲಮ್ಮ."

"'ನಾನು ಸತ್ತರೆ ನಿನಗೆ ಸುಖ' ಅಂತಾರೆ ಮಾರಾಯ್ರೇ."

"ಹಾಗೆ ಅಂದದ್ದು ಬಾಯಿ. ಗಂಟಲಿನ ವಿಭಾಗದಲ್ಲಿ ವಿಚಾರಿಸಿ."

ಗಂಟಲಿನವರು ಪರೀಕ್ಷಿಸಿ, ಮಾತು ಸ್ಪಷ್ಟವಾಗಿದೆ ಎಂದು ವಾಪಸು ಕಳಿಸಿದರು.

ಹೊಸದಾಗಿ ಸೇರಿದ್ದ ಡಾಕ್ಟರ್ ವನಮಾಲಾ ಮಾತ್ರ ಹಾಸಿಗೆಯ ಅಂಚಿನಲ್ಲಿ ಕೂತು ಅವನ ಮುಖ ನೋಡಿದಳು. "ಸರ್, ಇದು ಖಿನ್ನತೆ. ಇದೂ ಕಾಯಿಲೆಯೇ. ಮನೆಗೆ ಕಳಿಸಿದರೆ ಜೀವಕ್ಕೇ ಅಪಾಯ."

ಸೂಪರಿಂಟೆಂಡೆಂಟ್ ಕೇಶವಮೂರ್ತಿ ಸಹಾನುಭೂತಿಯಿಂದಲೇ ಕೇಳಿಸಿಕೊಂಡರು. ಆದರೆ ಪ್ಲಾಸ್ಟರಿಲ್ಲದವನು ಮೂಳೆ ವಾರ್ಡಿನಲ್ಲಿರುವುದು ನಿಯಮಬಾಹಿರ. ಆದ್ದರಿಂದ ಚೆನ್ನಯನ ಗಟ್ಟಿಮುಟ್ಟಾದ ಎಡಗಾಲಿಗೆ ಪ್ಲಾಸ್ಟರು ಹಾಕಲಾಯಿತು.

ವನಮಾಲಾ ದಿನವೂ ಮಧ್ಯಾಹ್ನ ಬಂದು ಕೂರತೊಡಗಿದಳು. ಒಂದು ದಿನ ಚೆನ್ನಯ ಗೋಡೆಗೆ ಹೇಳುವವನಂತೆ, "ದಿನವಿಡೀ ದೋಸೆ ಕಾವಲಿ ಮುಂದೆ ನಿಲ್ಲಲಾಗದವನು ಯಾರಿಗೆ ಬೇಕು?" ಎಂದ. ಆಮೇಲೆ ಬಹಳ ಹೊತ್ತು ಅತ್ತ. ವನಮಾಲಾ ಹೋಟೆಲಿನ ಧಣಿಯನ್ನು ಕರೆಸಿದಳು. "ಕೂತೇ ಹೊಯ್ಯಲಿ. ಸ್ಟೂಲು ಮಾಡಿಸುತ್ತೇನೆ," ಎಂದರು ಅವರು.

ವಾರ ಕಳೆಯುವಷ್ಟರಲ್ಲಿ ಚೆನ್ನಯ ಈಚೆಗೆ ತಿರುಗಿ ಮಲಗಿದ. ಮತ್ತೊಂದು ವಾರಕ್ಕೆ ವಾರ್ಡಿನ ಸಾಂಬಾರು ನೀರಾಗಿದೆ ಎಂದು ಜಗಳ ತೆಗೆದ. ಶೀಲಾವತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಇನ್ನು ಚಿಂತೆಯಿಲ್ಲ," ಎಂದಳು.

ಸತ್ಯಮೂರ್ತಿಗಳು ವೈದ್ಯರ ಸಭೆಯಲ್ಲಿ ಪ್ರಬಂಧ ಓದಿದರು: ಬಲಗಾಲಿನ ದುಃಖವು ಎಡಗಾಲಿನ ಪ್ಲಾಸ್ಟರಿನಿಂದ ಗುಣವಾಗುತ್ತದೆ. ಚಪ್ಪಾಳೆಯಾಯಿತು. ಕೂಡಲೇ ಪ್ರಕಟಣೆ ಹೊರಟಿತು: "ಖಿನ್ನರಾದ ರೋಗಿಗಳು ಸುಸ್ಥಿತಿಯಲ್ಲಿರುವ ಒಂದು ಅಂಗವನ್ನು ಪ್ಲಾಸ್ಟರಿಗೆ ಒಪ್ಪಿಸತಕ್ಕದ್ದು."

ಮನಸ್ಸು ಕುಗ್ಗಿದ ಕಾಮಾಲೆಯವರು ಪ್ಲಾಸ್ಟರಿಗೆ ಕೈ ಕೊಟ್ಟರು, ಹೃದ್ರೋಗಿಗಳು ಕಾಲು ಕೊಟ್ಟರು. ದೂರದ ಮಲಾಡಿನ ಶಾಖೆಗೆ ತಮಗೆ ವರ್ಗವಾದ ಸುದ್ದಿ ಬಂದ ಮೇಲೆ ಸೂಪರಿಂಟೆಂಡೆಂಟರೂ ಎಡಗೈ ಮುಂದೆ ಚಾಚಿದರು. ವನಮಾಲಾ ತಾನೇ ಪ್ಲಾಸ್ಟರು ಕಲಸಿ ಹಚ್ಚಿ, ಪಕ್ಕದಲ್ಲಿ ಕೂತು, "ಹೇಳಿ ಸರ್," ಎಂದಳು. ಪ್ಲಾಸ್ಟರಿದ್ದವರ ಪಕ್ಕದಲ್ಲಿ ಕೂತು ಅವರ ಮಾತು ಕೇಳಲು ಈಗ ಆಸ್ಪತ್ರೆಯೇ ಕುರ್ಚಿ ಕೊಡುತ್ತಿತ್ತು.