ಬರ್ನಿಯ ಪರ ಕೂಗುವವರು ಯಾರು?

ಕಳೆದ ಶನಿವಾರ ಬರ್ನಿ ಟುಲ್ಲೋಚ್ ಕೊಳ್ಳಲು ಹೋಗಿದ್ದ ಒಂದು ಮನೆಯನ್ನು ಕಳೆದುಕೊಂಡದ್ದು ಮರ್ಯಾದೆಯ ದೆಸೆಯಿಂದ. ಬೀದಿಯಲ್ಲಿ ಹರಾಜು ಜೋರಾಗಿ ನಡೆಯುತ್ತಿತ್ತು. ಬೆಲೆ ಕೂಗಲು ಬರ್ನಿ ಬಾಯಿ ತೆರೆದ. ಅದೇ ಹೊತ್ತಿಗೆ ಪಕ್ಕದಲ್ಲಿದ್ದ ಹೆಂಗಸೂ ಬಾಯಿ ತೆರೆದಳು. "ಪರವಾಗಿಲ್ಲ, ನೀವೇ ಮೊದಲು ಹೇಳಿ," ಅಂದ ಬರ್ನಿ. ಅವಳು ಹೇಳಿದಳು. ಬರ್ನಿ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಹರಾಜುದಾರ ಕೈಯಲ್ಲಿದ್ದ ಕಾಗದದ ಸುರುಳಿಯನ್ನು ಅಂಗೈಗೆ ಬಡಿದ. ಮನೆ ಅವಳದಾಯಿತು.

"ಥ್ಯಾಂಕ್ಸ್," ಅಂದಳು ಅವಳು.

"ಅಯ್ಯೋ, ಅದರಲ್ಲೇನಿದೆ," ಅಂದ ಬರ್ನಿ.

ಇದನ್ನು ಅವನು ಹೆಂಡತಿ ರೋವೆನಾಗೆ ಹೇಳಬಾರದಿತ್ತು. ಹೇಳಿದ. ಒಂದು ವಾರ ಅವಳು ಅದನ್ನು ಒಳಗೇ ಇಟ್ಟುಕೊಂಡು, ಈ ಶನಿವಾರ ಬೆಳಿಗ್ಗೆ ಟೋಸ್ಟಿಗೆ ಬೆಣ್ಣೆ ಸವರುತ್ತಾ ಹೊರಗೆ ಬಿಟ್ಟಳು.

"ಬರ್ನಿ, ನಮಗೆ ಏಜೆಂಟ್ ಬೇಕು."

"ಏಜೆಂಟ್ ಇದಾನಲ್ಲ, ಪ್ರತಿ ಮನೆ ಮುಂದೆಯೂ ಹಲ್ಲು ಕಿರಿದುಕೊಂಡು ನಿಂತಿರ್ತಾನೆ."

"ಅವನು ಮಾರೋರ ಏಜೆಂಟ್. ಅವನ ಹಲ್ಲು ಅವರಿಗಾಗಿ. ನಾನು ಹೇಳ್ತಿರೋದು ಕೊಳ್ಳೋರ ಏಜೆಂಟ್. ನಮ್ಮ ಕಡೆಯವನು. ನಮ್ಮ ಪರವಾಗಿ ಕೂಗೋನು."

"ಒಂದು ಕೈ ಎತ್ತೋಕೆ ಒಬ್ಬನಿಗೆ ಸಂಬಳ ಕೊಡೋದಾ? ನನಗೇ ಎರಡಿವೆ."

"ಆ ಎರಡನ್ನೂ ನೀನು ಬೇರೆಯವರಿಗೆ ಬಾಗಿಲು ತೆಗೆಯೋಕೆ ಬಳಸ್ತೀಯ."

ಬರ್ನಿಗೆ ಕೆಲಸ ಮಕ್ಕಳ ಬೂಟಿನ ಅಂಗಡಿಯಲ್ಲಿ. ದಿನವಿಡೀ ಪುಟ್ಟ ಕಾಲುಗಳ ಮುಂದೆ ಮಂಡಿಯೂರಿ "ಬೆರಳಿಗೆ ಒತ್ತುತ್ತಾ ಪುಟ್ಟಾ?" ಅಂತ ಕೇಳುವವನಿಗೆ ಬೀದಿಯಲ್ಲಿ ಎದೆ ಸೆಟೆಸಿ ಬೆಲೆ ಕೂಗುವುದು ಎಲ್ಲಿಂದ ಬರಬೇಕು?

ಆದರೆ ರೋವೆನಾಗೆ ಏಳು ತಿಂಗಳು ತುಂಬಿತ್ತು. ಅವರ ಬಾಡಿಗೆ ಮನೆ ಇದ್ದದ್ದು ಕರಿದ ಮೀನಿನ ಅಂಗಡಿಯ ಮೇಲೆ. ಎಣ್ಣೆಯ ವಾಸನೆ ನೆಲದ ಹಲಗೆಗಳ ಸಂದಿಯಿಂದ ಬಾಡಿಗೆ ಕೊಡದ ಮೂರನೆಯವನ ಹಾಗೆ ಮೇಲೆ ಬಂದು ಕೂತಿರುತ್ತಿತ್ತು. ಮಗು ಇಲ್ಲಿ ಹುಟ್ಟಬಾರದು. ಇದೊಂದರಲ್ಲಿ ಗಂಡ ಹೆಂಡಿರ ನಡುವೆ ಜಗಳವಿರಲಿಲ್ಲ.

"ಇವತ್ತೊಂದು ಸಲ ನಾನೇ ಹೋಗ್ತೀನಿ," ಅಂದ ಬರ್ನಿ. "ಆ ನಿಂಬೆ ಮರದ ಮನೆ. ಸಿಗದಿದ್ರೆ ನೀನು ಹೇಳಿದ ಹಾಗೆ, ಏಜೆಂಟ್."

"ಮಾತು ಕೊಟ್ಟೆಯಾ?"

"ಮಾತು."

ರೋವೆನಾ ಹೊಸದಾಗಿ ಸೇರಿದ್ದ ಹಲ್ಲಿನ ಕ್ಲಿನಿಕ್ಕಿಗೆ ಹೊರಟಳು. ಬರ್ನಿ ಮೆಟ್ಟಿಲಿಳಿದು ಬಂದರೆ, ಕೆಳಗೆ ಅಂಗಡಿಯ ಯಜಮಾನ ಮನೋಲಿಸ್ ಆಲೂಗಡ್ಡೆ ಸುಲಿಯುತ್ತಿದ್ದ. ಮೇಲಿನ ಮಾತೆಲ್ಲ ಅವನಿಗೆ ಕೇಳಿಸಿತ್ತು. ವಾಸನೆ ಮೇಲೆ ಹೋದರೆ ಮಾತು ಕೆಳಗೆ ಬರುತ್ತಿತ್ತು. ಆ ಕಟ್ಟಡದ ನ್ಯಾಯ ಅದು.

"ನಿನ್ನ ಕಷ್ಟ ಏನು ಗೊತ್ತಾ ಮಗಾ?" ಅಂದ ಮನೋಲಿಸ್. "ನಿನಗೆ ಮನೆ ಬೇಕು ಅಂತ ನಿನ್ನ ಮುಖದಲ್ಲೇ ಬರೆದಿದೆ. ಹರಾಜುದಾರ ಅದನ್ನೇ ಓದ್ತಾನೆ. ಏಜೆಂಟ್ ಮುಖ ನೋಡಿದೀಯಾ? ಅದರಲ್ಲಿ ಏನೂ ಇರಲ್ಲ. ಹಿಂದಿನ ದಿನದ ಮೀನಿನ ಮುಖ."

"ನನಗೆ ಆ ಮುಖ ಎಲ್ಲಿಂದ ಬರುತ್ತೆ ಮನೋಲಿಸ್?"

"ಮುಖ ಆಮೇಲೆ. ಮೊದಲು ಸೂಟು."

ಹೀಗೆ ಮನೋಲಿಸನ ಕಪ್ಪು ಸೂಟು, ಅವನ ಕಪ್ಪು ಕನ್ನಡಕ, ತಲೆಗೆ ಅವನದೇ ಆಲಿವ್ ಎಣ್ಣೆ. ಕನ್ನಡಿಯಲ್ಲಿ ಬರ್ನಿ ತನಗೆ ತಾನೇ "ಎಕ್ಸ್‌ಕ್ಯೂಸ್ ಮಿ" ಅನ್ನುವಷ್ಟು ಬದಲಾಗಿದ್ದ.

"ಯಾರನ್ನೂ ನೋಡಿ ನಗಬೇಡ," ಅಂದ ಮನೋಲಿಸ್. "ಯಾರಾದ್ರೂ ಏನಾದ್ರೂ ಕೇಳಿದ್ರೆ, ಹೇಳೋ ಹಾಗಿಲ್ಲ ಅನ್ನು. ಏಜೆಂಟ್ ವಿದ್ಯೆ ಅಷ್ಟೇ. ಅದಕ್ಕೇ ಅವರು ದುಡ್ಡು ತಗೊಳ್ಳೋದು."

ನಿಂಬೆ ಮರದ ಮನೆಯ ಮುಂದೆ ಆಗಲೇ ಬೀದಿ ತುಂಬಿತ್ತು. ಕೊಳ್ಳುವವರು ಬೆರಳೆಣಿಕೆ, ಉಳಿದವರು ಅಕ್ಕಪಕ್ಕದವರು, ತಮ್ಮ ಮನೆಗೆ ಎಷ್ಟು ಬರಬಹುದೆಂದು ತಿಳಿಯಲು ಕಾಫಿ ಲೋಟ ಹಿಡಿದು, ನಾಯಿ ಕಟ್ಟಿಕೊಂಡು ಬಂದವರು. ಬರ್ನಿ ಬಂದು ಬೇಲಿಯ ಪಕ್ಕ ನಿಂತ. ಗುಂಪು ತಾನಾಗಿ ಎರಡು ಹೆಜ್ಜೆ ಸರಿಯಿತು. ಜೀವನದಲ್ಲಿ ಯಾರೂ ಅವನಿಗೆ ಹೀಗೆ ಜಾಗ ಬಿಟ್ಟಿರಲಿಲ್ಲ. "ಸಾರಿ" ಅನ್ನಲು ಹೊರಟು ತಡೆದುಕೊಂಡ.

ಮಲಗುವ ಗೌನಿನ ಮೇಲೆ ಕೋಟು ಹಾಕಿಕೊಂಡ ಪಕ್ಕದ ಮನೆಯ ಹೆಂಗಸು ಮೆಲ್ಲಗೆ ಹತ್ತಿರ ಬಂದಳು.

"ಯಾರ ಪರ ಬಂದಿದೀರಿ?"

"ಹೇಳೋ ಹಾಗಿಲ್ಲ."

"ಡಾಕ್ಟ್ರಾ?"

ಬರ್ನಿ ಆಕಾಶ ನೋಡಿದ.

"ಗೊತ್ತಾಯ್ತು ಬಿಡಿ," ಅಂದಳು ಅವಳು. ಮರುಗಳಿಗೆಯಲ್ಲಿ ಎಡಗಡೆಯವರಿಗೆ ಸಿಡ್ನಿಯ ಡಾಕ್ಟರೊಬ್ಬರು ಈ ಬೀದಿಗೆ ಬರುತ್ತಿದ್ದಾರೆಂದು ತಿಳಿಯಿತು. ಬಲಗಡೆಗೆ ತಲುಪುವಷ್ಟರಲ್ಲಿ ಅವರು ಹೃದಯದ ಡಾಕ್ಟರಾಗಿದ್ದರು. ರಸ್ತೆಯಾಚೆಗೆ ದಾಟಿದಾಗ ಆಸ್ಪತ್ರೆಯೇ ಬರುವುದಿತ್ತು. ಅಲ್ಲೊಬ್ಬ ಮುದುಕ ತನ್ನ ಮನೆಯನ್ನೂ ಮಾರಿದರೆ ಹೇಗೆ ಎಂದು ಗಡ್ಡ ಕೆರೆದುಕೊಳ್ಳತೊಡಗಿದ. ಈ ನಡುವೆ ಬೀದಿಯ ಬೆಕ್ಕೊಂದು ಸೂಟಿನ ಮೀನಿನ ವಾಸನೆಗೆ ಮನಸೋತು ಬರ್ನಿಯ ಬೂಟಿನ ಮೇಲೆ ಕೂತಿತು. ಬರ್ನಿ ಕದಲಲಿಲ್ಲ. ಅವನ ಗುಂಡಿಗೆ ಗಟ್ಟಿ ಎಂದು ಜನ ಮಾತಾಡಿಕೊಂಡರು.

"ಒಂದು ವಿಷಯ ಹೇಳ್ತೀನಿ," ಅಂದಳು ಗೌನಿನವಳು. "ಮನೆಯವರು ನಿನ್ನೆವರೆಗೂ ಯಾರೂ ಬರಲ್ಲ ಅಂತ ಅಳ್ತಿದ್ರು. ಬಂದ ಬೆಲೆಗೆ ಕೊಟ್ಬಿಡ್ತೀವಿ ಅಂತಿದ್ರು. ನೀವು ಬಂದ್ರಲ್ಲ, ಈಗ ನೋಡಿ ಅವರ ಮುಖ."

ಬರ್ನಿ ನೋಡಿದ. ಕಿಟಕಿಯ ಪರದೆ ಸರಿದಿತ್ತು. ಒಳಗಿನ ಗಂಡ ಹೆಂಡತಿ ಸೂಟನ್ನು ಕಣ್ತುಂಬ ನೋಡುತ್ತಿದ್ದರು. ಅವರಿಗೆ ತಮ್ಮ ಮನೆಯ ಮೇಲೆ ಹೊಸ ಗೌರವ ಬಂದಂತಿತ್ತು. ಮಾರುವವರ ಏಜೆಂಟ್ ಒಳಗೋಡಿ, ಹೊರಗೋಡಿ ಬಂದು, ಹರಾಜುದಾರನ ಕಿವಿಯಲ್ಲಿ ಏನೋ ಊದಿದ. ಇಷ್ಟಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂದು ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದ ಬೆಲೆ ಅಲ್ಲೇ, ಬರ್ನಿಯ ಕಣ್ಣೆದುರೇ, ಮೇಲೆದ್ದಿತು.

ಹರಾಜು ಶುರುವಾಯಿತು. ಬರ್ನಿ ಕೂಗಿದ. ಮೀನಿನ ಮುಖದಿಂದ ಬಂದ ದನಿ ಅವನಿಗೇ ಹೊಸದು: ಗಟ್ಟಿ, ಚುಟುಕು, ಕ್ಷಮೆ ಕೇಳದ್ದು. ಎಳೆ ಜೋಡಿಯೊಂದು ಅವನನ್ನು ನೋಡಿ ಮಡಿಸಿದ ಕೊಡೆಯಂತೆ ಮುದುಡಿ ಕೂಗುವುದನ್ನೇ ಬಿಟ್ಟಿತು. ಉಳಿದದ್ದು ಕೆಂಪು ಗಡ್ಡದ ಒಬ್ಬ ಗಂಡಸು ಮತ್ತು ಅವನ ತಾಯಿ.

"ಬಿಡಮ್ಮ, ಜಾಸ್ತಿ ಆಯ್ತು," ಅಂದ ಗಡ್ಡದವನು.

"ಸುಮ್ನಿರೋ. ಅಂಥವರು ಬಂದಿದಾರೆ ಅಂದ್ರೆ ಮನೆಯಲ್ಲಿ ಏನೋ ಇದೆ. ಕೂಗು."

ಗಡ್ಡದವನು ಕೂಗಿದ. ಬರ್ನಿ ಕೂಗಿದ. ತಾಯಿ ಮಗನನ್ನು ತಿವಿದಳು, ಗಡ್ಡದವನು ಮತ್ತೆ ಕೂಗಿದ. ಬರ್ನಿಯ ಮಿತಿ ಮುಟ್ಟಿತು. ಬ್ಯಾಂಕು ಕೊಡುವುದೆಲ್ಲ ಮುಗಿದಿತ್ತು. ಹರಾಜುದಾರ ಕತ್ತು ಬಾಗಿಸಿ, "ನಿಮ್ಮವರನ್ನ ಒಂದು ಮಾತು ಕೇಳ್ತೀರಾ ಸರ್?" ಅಂದ.

ಕೇಳಬೇಕಾದವನು ತಾನೇ. ಬೇರೆ ದಾರಿ ಕಾಣದೆ ಬರ್ನಿ ಫೋನ್ ಕಿವಿಗಿಟ್ಟುಕೊಂಡು, ಯಾರೂ ಇಲ್ಲದ ಫೋನಿನಲ್ಲಿ ಮಾತಾಡಿದ.

"ಸರ್, ನೀವು ಹೇಳಿದಷ್ಟೂ ಆಯ್ತು... ಗೊತ್ತು ಸರ್, ನಿಮಗೆ ಈ ಮನೆ ತುಂಬಾ ಬೇಕು... ನಿಂಬೆ ಮರದ ಕೆಳಗೆ ತೊಟ್ಟಿಲು ಇಡಬೇಕು ಅಂತಿದ್ರಿ, ನೆನಪಿದೆ... ಆದ್ರೆ ಇಲ್ಲಿಂದ ಮುಂದೆ ಹೋದ್ರೆ ತೊಟ್ಟಿಲಿಗೆ ಉಳಿಯಲ್ಲ ಸರ್... ನನ್ನ ಮಾತು ಕೇಳಿ. ಬೇರೆ ಮನೆ ಸಿಗುತ್ತೆ. ಕೊಡಿಸೋ ಜವಾಬ್ದಾರಿ ನನ್ನದು."

ತನ್ನ ಮಾತು ತನಗೇ ಎಷ್ಟು ಸರಿಯೆನಿಸಿತೆಂದರೆ ಬರ್ನಿಯ ಎದೆ ಹಗುರಾಯಿತು. ಫೋನ್ ಜೇಬಿಗಿಟ್ಟು ಅಡ್ಡಡ್ಡ ತಲೆಯಾಡಿಸಿದ.

ಸುರುಳಿ ಅಂಗೈಗೆ ಬಿತ್ತು. ಮನೆ ಗಡ್ಡದವನದಾಯಿತು. ಅವನ ತಾಯಿಯ ಮುಖ ಬಿಳಿಚಿಕೊಂಡಿತು.

"ಅವನು ಯಾಕೋ ನಿಲ್ಲಿಸಿದ?" ಅಂದಳು ಮಗನಿಗೆ. "ಏನೋ ಗೊತ್ತಾಗಿದೆ ಅವನಿಗೆ. ಛಾವಣಿ ನೋಡಿದ್ಯೇನೋ ನೀನು?"

ಬರ್ನಿ ಮೆಲ್ಲಗೆ ಜಾರಿಕೊಳ್ಳುವವನಿದ್ದ, ಜನ ಬಿಡಲಿಲ್ಲ. ಬೆಲೆಯನ್ನು ಅಲ್ಲಿವರೆಗೆ ಎಳೆದು ತಂದು, ಸರಿಯಾದ ಜಾಗದಲ್ಲಿ ಕೈಬಿಟ್ಟನಲ್ಲ, ಅದು ಕಲೆ ಎಂದು ಒಬ್ಬ ಬೆನ್ನು ತಟ್ಟಿದ. ಎಳೆ ಜೋಡಿ ವಿಸಿಟಿಂಗ್ ಕಾರ್ಡು ಕೇಳಿತು.

"ನೋಡಿ, ನಾನು ಏಜೆಂಟ್ ಅಲ್ಲ," ಅಂದ ಬರ್ನಿ, ಕೊನೆಗೂ ಧೈರ್ಯ ಮಾಡಿ. "ನಾನು ಮಕ್ಕಳಿಗೆ ಬೂಟು ಮಾರ್ತೀನಿ."

ಎಲ್ಲರೂ ನಕ್ಕರು. "ಬಾಯಿ ಬಿಡಿಸೋಕಾಗಲ್ಲ ಬಿಡ್ರಪ್ಪ," ಅಂದ ಬೆನ್ನು ತಟ್ಟಿದವನು.

ಹಸಿರು ಸ್ವೆಟರಿನ ಹೆಂಗಸೊಬ್ಬಳು ಎಲ್ಲರನ್ನೂ ಮೊಣಕೈಯಿಂದ ಸರಿಸಿ ಮುಂದೆ ಬಂದಳು. "ಕಾರ್ಡ್ ಬೇಡ ನನಗೆ. ನನ್ನ ಗೆಳತಿಯೊಬ್ಬಳಿಗೆ ನಿಮ್ಮಂಥವರೇ ಬೇಕು. ನಾಳೆ ಹತ್ತಕ್ಕೆ, ಸ್ಟೇಷನ್ ಪಕ್ಕದ ಬೇಕರಿ. ಬರ್ತೀರಿ."

ಅದು ಪ್ರಶ್ನೆಯಾಗಿರಲಿಲ್ಲ. ಇಲ್ಲ ಅನ್ನುವುದು ಬರ್ನಿ ಕಲಿಯದ ವಿದ್ಯೆ. "ಬರ್ತೀನಿ," ಅಂದುಬಿಟ್ಟ. ಹೋಗಿ ಆ ಗೆಳತಿಗಾದರೂ ಕೂತು ನಿಜ ಹೇಳಿ, ಒಂದು ಬನ್ನು ಕೊಡಿಸಿ ಬಂದರಾಯಿತು ಎಂದುಕೊಂಡ.

ಮನೋಲಿಸನಿಗೆ ಸೂಟು ಕೊಟ್ಟು, ತಲೆಯ ಎಣ್ಣೆ ತೊಳೆದು, ತನ್ನ ಹಳೆಯ ಮುಖ ಹಾಕಿಕೊಂಡು ಕೂತಿದ್ದಾಗ ರೋವೆನಾ ಬಂದಳು. ಅವನ ಭುಜ ನೋಡಿಯೇ ಅವಳಿಗೆ ಗೊತ್ತಾಯಿತು. ಅವನು ಬೈಗುಳಕ್ಕೆ ತಲೆ ತಗ್ಗಿಸಿದ. ಬೈಗುಳ ಬರಲಿಲ್ಲ. ಅವಳು ಪಕ್ಕದಲ್ಲಿ ಕೂತು ಅವನ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು.

"ಹೋಗ್ಲಿ ಬಿಡು. ನಿನ್ನ ಮಾತು ನೆನಪಿದೆ ತಾನೆ?"

"ಇದೆ."

"ಕೋಪ ಮಾಡ್ಕೋಬೇಡ. ನಿನ್ನ ಕೇಳದೇ ಒಬ್ಬ ಏಜೆಂಟನ್ನ ಗೊತ್ತು ಮಾಡಿದೀನಿ. ನಮ್ಮ ಕ್ಲಿನಿಕ್ಕಿನ ಗ್ಲೆನಿಸ್‌ಗೆ ಇವತ್ತು ರಜ, ನಿಂಬೆ ಮರದ ಮನೆ ಹರಾಜು ನೋಡೋಕೆ ಹೋಗಿದ್ಲಂತೆ, ಅಲ್ಲಿಂದಲೇ ಫೋನ್ ಮಾಡಿದ್ಲು. ನೀನೂ ಅಲ್ಲೇ ಇದ್ಯಲ್ಲ, ನೋಡಿರ್ಬೇಕು ಅವನನ್ನ. ಕಪ್ಪು ಸೂಟು?"

ಬರ್ನಿ ಇನ್ನೊಂದು ಕೈಯಿಂದ ತಲೆಯ ಒದ್ದೆ ಒರೆಸಿಕೊಂಡ. "ಅಷ್ಟಾಗಿ ನೋಡ್ಲಿಲ್ಲ."

"ಏನು ಗತ್ತಂತೆ, ಬರ್ನಿ. ಬೆಕ್ಕು ಕಾಲ ಮೇಲೆ ಕೂತ್ರೂ ಕದಲಲಿಲ್ಲವಂತೆ. ಆದ್ರೆ ನನಗೆ ಹಿಡಿಸಿದ್ದು ಅದಲ್ಲ. ಕೊಳ್ಳೋ ಮನುಷ್ಯ ಆಸೆಪಟ್ಟು ಇನ್ನೂ ಕೂಗು ಅಂತಿದ್ನಂತೆ. ಬೇಡ ಸರ್, ತೊಟ್ಟಿಲಿಗೂ ಉಳಿಯಲ್ಲ ಅಂತ ಫೋನಲ್ಲೇ ತಡೆದನಂತೆ. ಅಂಥವರು ಎಷ್ಟು ಜನ ಸಿಗ್ತಾರೆ ಹೇಳು?"

ತಿಂಗಳುಗಳಿಂದ ಅವಳ ಮುಖದಲ್ಲಿ ಇಷ್ಟು ಬೆಳಕನ್ನು ಬರ್ನಿ ನೋಡಿರಲಿಲ್ಲ. ಬಾಯಿಗೆ ಬಂದ ನಿಜ ಆ ಬೆಳಕು ಕಂಡು ಹಿಂದಕ್ಕೆ ಸರಿಯಿತು.

"ನಾಳೆ ಹತ್ತಕ್ಕೆ ಬೇಕರಿಗೆ ಬರೋಕೆ ಹೇಳಿದೀವಿ. ನೀನೂ ಬಾ, ಆದ್ರೆ ನೀನೇನೂ ಮಾತಾಡಬೇಡ. ಅವನೇ ಮಾತಾಡ್ಲಿ."

"ಆಗ್ಲಿ," ಅಂದ ಬರ್ನಿ.

"ನನಗೇನೋ ಅವನು ಮನೆ ಕೊಡಿಸೇ ಕೊಡಿಸ್ತಾನೆ ಅನ್ನಿಸ್ತಿದೆ."

ಬರ್ನಿಯ ಅಂಗೈಯ ಕೆಳಗೆ ಮಗು ಒಮ್ಮೆ ಒದೆಯಿತು.

"ವಿಚಿತ್ರ ನೋಡು," ಅಂದ, "ನನಗೂ ಇವತ್ತು ಹಾಗೇ ಅನ್ನಿಸ್ತಿದೆ."

"ಹತ್ತು ಅಂದ್ರೆ ಹತ್ತಕ್ಕೇ ಬರ್ತಾನೆ ತಾನೆ? ದೊಡ್ಡ ಏಜೆಂಟ್‌ಗಳು ಕಾಯಿಸ್ತಾರೆ."

"ಅದರ ಚಿಂತೆ ಬೇಡ," ಅಂದ ಬರ್ನಿ. "ನಾವು ಮನೆ ಬಿಟ್ಟಾಗಲೇ ಅವನೂ ಬಿಟ್ಟಿರ್ತಾನೆ."