ಬಾಣಂತಿ ಕೋಣೆಯಲ್ಲಿ ಪಿಟ್ಯುಟರಿ ಪಾಠ

ಭಾರತೀನಗರದ ಕಾಲೇಜಿನಲ್ಲಿ ಹನ್ನೆರಡು ವರ್ಷದಿಂದ ಪಿಟ್ಯುಟರಿ ಗ್ರಂಥಿಯ ಪಾಠ ಮಾಡುತ್ತಿರುವ ನನಗೆ, ಸ್ವಂತ ಹೆಂಡತಿಗೆ ಹಾಲು ಬರಿಸುವುದು ಕಷ್ಟವೆನಿಸಲಿಲ್ಲ.

ಸವಿತಾ ಹೆರಿಗೆ, ಬಾಣಂತನಕ್ಕೆಂದು ಮಳವಳ್ಳಿಯ ತವರಲ್ಲಿದ್ದಳು. ನಾನು ಎರಡು ತಿಂಗಳಿಂದ ಒಬ್ಬನೇ. ಕುಕ್ಕರ್ ಕೂಗಿದರೆ "ಬಂದೆ" ಎನ್ನುವ ಹಂತ ತಲುಪಿದ್ದೆ. ಹೆರಿಗೆಯ ದಿನ ಮಗನ ಮುಖ ದೂರದಿಂದ ನೋಡಿದ್ದಷ್ಟೇ, ಎತ್ತಿಕೊಂಡಿರಲಿಲ್ಲ.

ನಾಲ್ಕನೇ ದಿನ ಅತ್ತೆಯ ಫೋನು. "ಕೂಸು ಚೀಪ್ತದೆ, ಆಲು ಸರ್ಯಾಗಿ ಇಳೀತಿಲ್ಲ ಕಣಪ್ಪ. ನರ್ಸಮ್ಮ ನಾಳೆ ಬತ್ತಾರಂತೆ."

ಐದನೇ ದಿನವೂ ಇರಬಹುದು. ಈ ಕಥೆ ಹೇಳಿದಷ್ಟು ಸಲ ದಿನ ಬದಲಾಗುತ್ತದೆ, ನಾನು ಇನ್ನಷ್ಟು ಜಾಣನಾಗುತ್ತೇನೆ. ಈ ಸಲ ಜಾಣನಾಗಲು ಅವಕಾಶವಿಲ್ಲ.

ನರ್ಸಮ್ಮ ಏಕೆ? ಕಾಲೇಜಿನ ಚಾರ್ಟು ಸುತ್ತಿಕೊಂಡು ಬಸ್ಸು ಹತ್ತಿದೆ. ಕೋಣೆಗೆ ನುಗ್ಗಿ, ಮೊಳೆಯಲ್ಲಿದ್ದ ಕೂಸಿನ ಕುಲಾವಿ ತೆಗೆದು, ಮಿದುಳಿನ ಚಿತ್ರ ನೇತುಹಾಕಿದೆ.

"ನೋಡು, ಈ ಪಿಟ್ಯುಟರಿ ಕಡಲೆಕಾಳಿನಷ್ಟೇ. ಬೆಳವಣಿಗೆ, ಮುಟ್ಟು, ಬಸಿರು, ಮೂತ್ರದ ಪ್ರಮಾಣ, ಎಲ್ಲಕ್ಕೂ ಇದರ ಅಪ್ಪಣೆ ಬೇಕು. ಪ್ರೊಲ್ಯಾಕ್ಟಿನ್ ಹಾಲು ತಯಾರಿಸುತ್ತದೆ, ಆಕ್ಸಿಟೋಸಿನ್ ಇಳಿಸುತ್ತದೆ. ಆತಂಕವಾದರೆ ಆಕ್ಸಿಟೋಸಿನ್ ಹಿಂಜರಿಯುತ್ತದೆ. ಆದ್ದರಿಂದ ಆತಂಕ ಪಡಬೇಡ."

"ನಾನೆಲ್ಲಿ ಪಟ್ಟೆ?" ಎಂದಳು ಸವಿತಾ.

"ಪಡುತ್ತಿದ್ದೀಯ. ಭುಜ ನೋಡು, ಎಷ್ಟು ಬಿಗಿಯಾಗಿದೆ." ಮೊಬೈಲಿನಲ್ಲಿ ಟೈಮರ್ ಹಾಕಿ ಎದುರಿಗೆ ಕುಳಿತೆ. "ನೆಮ್ಮದಿಯಾಗಿರು. ಎರಡು ನಿಮಿಷ ಆಯಿತು. ಮೂರು."

ಮಗು ಕಿರುಚಿತು. ಸವಿತಾ ಅಳತೊಡಗಿದಳು. ಬರುತ್ತಿದ್ದ ನಾಲ್ಕು ಹನಿಯೂ ನಿಂತಿತು. ನಾನು ಚಾರ್ಟಿನಲ್ಲಿ ಕಾರಣ ತೋರಿಸಿದೆ.

ಅತ್ತೆ ಬಾಗಿಲಿಗೆ ಬಂದರು. "ಅಳಿಯಂದ್ರೇ, ನಮ್ಮೆಮ್ಮೆನೂ ಇಂಗೆ ಮಕ ನೋಡ್ತಾ ಕುಂತ್ರೆ ಆಲು ಬುಡಾಕಿಲ್ಲ. ಏಳಿ, ಮದ್ದೂರು ಬಸ್ಸು ಬರೋ ಒತ್ತಾಯ್ತು."

"ಮಗೂನ ಒಂದ್ಸಲ ಎತ್ಕೊಂಡು..."

"ಆಮ್ಯಾಕೆ. ಮೊದ್ಲು ಅದರ ಒಟ್ಟೆ ತುಂಬ್ಲಿ."

ಬಸ್ ನಿಲ್ದಾಣ ತಲುಪುವ ಮೊದಲೇ ಸವಿತಾಳ ಫೋನು. ದನಿ ನಿದ್ದೆ ಬಂದಂತೆ ಮೆತ್ತಗಿತ್ತು. "ರೀ, ಹಾಲು ಬಂತು. ಕುಡೀತಾ ಕುಡೀತಾ ಮಲಗ್ಬಿಟ್ಟ."

ದಾರಿಯಲ್ಲೇ ನಿಂತು ಒಬ್ಬನೇ ನಕ್ಕೆ. ಆದರೂ ವಿಜ್ಞಾನದ ಶಿಸ್ತು ಬಿಡಲಾದೀತೆ? "ನಿಖರವಾಗಿ ಯಾವಾಗ?"

"ನೀವು ಗೇಟು ಹಾಕಿದ ಸದ್ದಾಯ್ತಲ್ಲ, ಆಗ."

"ಭಾನುವಾರ ಬರ್ಲಾ?"

ಫೋನಿನಲ್ಲಿ ಅವಳ ಹಿಂದಿನಿಂದ ಅತ್ತೆಯ ದನಿ: "ಕೂಸು ವಸಿ ಗಟ್ಟಿಯಾಗ್ಲಿ ಅನ್ನು."

ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿತ್ತು. ಭಾರತೀನಗರದವರೆಗೂ ಯಾರೂ ಕೂರಲಿಲ್ಲ. ಮಗನ ಪೋಷಣೆಗೆ ನಾನು ಸಲ್ಲಿಸಿದ ಸೇವೆ ಯಾವುದೆಂದು ಲೆಕ್ಕ ಹಾಕುತ್ತಾ ಕುಳಿತೆ. ಒಂದೇ ಒಂದು ಸಿಕ್ಕಿತು: ಎದ್ದು ಹೊರಟಿದ್ದು. ಅದೂ ಹೇಳಿಸಿಕೊಂಡು.